ದೇಚುವಿನ ಒಂಬತ್ತನೇ ಕ್ಲಾಸು

ಕಳೆದ ಅಕ್ಟೋಬರಿನಲ್ಲಿ ಮಂಡಿಯ ತಪಾಸಣೆಗೆಂದು ಮೈಸೂರಿನಿಂದ ದೆಹಲಿಗೆ ಹೋಗಿದ್ದೆ. ಮಯೂರ್ ವಿಹಾರ್ ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿದು ರಸ್ತೆಗೆ ಬರುವಾಗ ಸಂಜೆಯಾಗಿತ್ತು. ಬ್ಯಾಟರಿ ರಿಕ್ಷಾದವರು ಕೂಗಿ ಕರೆಯುತ್ತಿದ್ದರು. ಯಾವ ರಿಕ್ಷಾ ಹತ್ತುವುದೆಂದು ನೋಡುತ್ತಿದ್ದಾಗಲೇ ಆ ವಾಸನೆ ಬಂದು ಮೂಗಿಗೆ ಬಡಿಯಿತು. ಸಪ್ತಪರ್ಣಿಯ ಹೂವಿನ ವಾಸನೆ. ನಮ್ಮ ಕಡೆ ಅದನ್ನು ಹಾಲೆ ಮರ ಎನ್ನುತ್ತಾರೆ. ದೆಹಲಿಯ ರಸ್ತೆಬದಿಯಲ್ಲಿ ಸಾಲುಸಾಲಾಗಿ ನೆಟ್ಟಿದ್ದಾರೆ. ವರ್ಷವಿಡೀ ಯಾರ ಕಣ್ಣಿಗೂ ಬೀಳದ ಈ ಮರ ಚಳಿ ಶುರುವಾಗುವ ಮುಂಚಿನ ಕೆಲವು ವಾರ ಮಾತ್ರ ಇಡೀ ಬಡಾವಣೆಯನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ಕೆಲವರಿಗೆ ಅದರಿಂದ ತಲೆನೋವು, ಕೆಲವರಿಗೆ ಹಿತ. ನನಗೆ ಮಾತ್ರ ಆ ವಾಸನೆಯೆಂದರೆ ನನ್ನ ತಮ್ಮನ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷ.

ಆ ವರ್ಷ ನಾನು ಸೇನೆಯ ನರ್ಸಿಂಗ್ ಸೇವೆಯಿಂದ ಮೇಜರ್ ಆಗಿ ನಿವೃತ್ತಳಾದೆ. ವಾರ್ಡುಗಳಲ್ಲಿ ನಿಂತೇ ಆಯುಷ್ಯ ಕಳೆದಿದ್ದಕ್ಕೆ ಎರಡೂ ಮಂಡಿಗಳು ಸೇಡು ತೀರಿಸಿಕೊಂಡವು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಮೊದಲು ಒಂದು ಮಂಡಿ, ಕೆಲವು ತಿಂಗಳು ಬಿಟ್ಟು ಇನ್ನೊಂದು ಬದಲಿಸುವುದೆಂದಾಯಿತು. ತಮ್ಮ ಬೋಪಣ್ಣ ಹಟ ಹಿಡಿದು ಮಯೂರ್ ವಿಹಾರಿನ ತನ್ನ ಮನೆಗೆ ಕರೆದುಕೊಂಡು ಹೋದ. ಅವನಿಗೆ ನೋಯ್ಡಾದ ಒಂದು ಐಟಿ ಕಂಪನಿಯಲ್ಲಿ ಕೆಲಸ. ಹೆಂಡತಿ ಸ್ಮಿತಾಳಿಗೆ ಇನ್ಶೂರೆನ್ಸ್ ಕಚೇರಿಯಲ್ಲಿ. ನಾವು ಕೊಡಗಿನವರು, ಸ್ಮಿತಾ ದಾವಣಗೆರೆಯವಳು. ಹಾಗಾಗಿ ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ಹಿಂದಿ. ಒಬ್ಬಳೇ ಮಗಳು. ನಮ್ಮ ತಾಯಿಯ ಹೆಸರನ್ನೇ ಇಟ್ಟಿದ್ದರು, ದೇಚಮ್ಮ. ಎಲ್ಲರ ಬಾಯಲ್ಲಿ ದೇಚು.

ನಾನು ಆಸ್ಪತ್ರೆಯಿಂದ ಮನೆಗೆ ಬಂದಾಗ ಮೇ ತಿಂಗಳು. ಹೊರಗೆ ಲೂ ಎಂಬ ಬಿಸಿಗಾಳಿ ಬೀಸುತ್ತಿತ್ತು. ಕಿಟಕಿಯ ಕಂಬಿ ಮುಟ್ಟಿದರೆ ಕೈ ಸುಡುತ್ತಿತ್ತು. ತಮ್ಮ, ನಾದಿನಿ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ನಾನು ಮತ್ತು ರಜೆಯಲ್ಲಿದ್ದ ದೇಚು ಇಬ್ಬರೇ. ಮಂಡಿಯ ಮೇಲಿಡುವ ಐಸ್ ಚೀಲ ತಂದುಕೊಡುವುದು ಅವಳ ಕೆಲಸ. "ಅಭೀ ಲಾಯೀ ಅತ್ತೆ" ಎಂದು ಓಡುವಳು. ಫ್ರಿಜ್ಜಿನ ಬಾಗಿಲು ತೆಗೆದ ಸದ್ದು ಕೇಳುವುದು. ಆಮೇಲೆ ಏನೂ ಕೇಳದು. ಬಹಳ ಹೊತ್ತಿನ ಮೇಲೆ ಅರ್ಧ ಸುಲಿದ ಮಾವಿನಹಣ್ಣು ಹಿಡಿದು ಬಂದು, ನನ್ನ ಮುಖ ನೋಡಿ, ಗಕ್ಕನೆ ನಿಲ್ಲುವಳು. ಐಸ್ ಚೀಲ ಅಡುಗೆಕಟ್ಟೆಯ ಮೇಲೆ ನೀರಾಗಿರುತ್ತಿತ್ತು. ಯಾಕೆ ಹೀಗೆ ಮಾಡಿದೆ ಎಂದು ಕೇಳಿದರೆ ಒಂದೇ ಉತ್ತರ, "ಪತಾ ನಹೀ." ನೀರಿನ ಬಾಟಲಿ ಎಲ್ಲಿ ಕಳೆದೆ? ಪತಾ ನಹೀ. ಹಾಲು ಉಕ್ಕಿದ್ದು ನೋಡಲಿಲ್ಲವೇ? ಪತಾ ನಹೀ. ತಪ್ಪಿಸಿಕೊಳ್ಳಲು ಹೇಳುತ್ತಾಳೆಂದು ಮೊದಲು ಎಣಿಸಿದೆ. ಕೆಲವು ದಿನ ಹತ್ತಿರದಿಂದ ನೋಡಿದ ಮೇಲೆ, ಅವಳಿಗೆ ನಿಜವಾಗಿಯೂ ಗೊತ್ತಿಲ್ಲವೆಂದು ತಿಳಿಯಿತು.

ಅದೇ ಹುಡುಗಿ ಒಂದು ಮಧ್ಯಾಹ್ನ ನನ್ನ ವಾಕರ್ ಕಿರಗುಟ್ಟುತ್ತದೆಂದು ಅದರ ತಿರುಪುಗಳನ್ನೆಲ್ಲ ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕುಳಿತಳು. ಬಾಗಿಲ ಗಂಟೆ ಹೊಡೆದದ್ದೂ ಕೇಳಲಿಲ್ಲ, ಕರೆಂಟು ಹೋಗಿ ಬೆವರು ಧಾರೆಯಾಗಿ ಇಳಿದದ್ದೂ ತಿಳಿಯಲಿಲ್ಲ. ಸಂಜೆಗೆ ವಾಕರ್ ಬೆಣ್ಣೆಯಂತೆ ಜಾರುತ್ತಿತ್ತು. ನನ್ನ ವ್ಯಾಯಾಮದ ಹೊತ್ತಿಗೆ ಅವಳೇ ಮುಂದೆ ಕುಳಿತು ಕ್ರಿಕೆಟ್ ಕಾಮೆಂಟರಿ ಹೇಳಿ ಕಾಲು ಮಡಚಿಸುತ್ತಿದ್ದಳು. ನಗುತ್ತಾ ನೋವು ತಿಂದೆ.

ಜುಲೈಯಲ್ಲಿ ಮಳೆ ಬಂತು, ಶಾಲೆ ತೆರೆಯಿತು. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನೆದುರು ಮೊಣಕಾಲುದ್ದ ನೀರು ನಿಂತ ಒಂದು ಶನಿವಾರ ತಮ್ಮನೂ ನಾದಿನಿಯೂ ಪೋಷಕರ ಸಭೆಗೆ ಹೋಗಿ ಒದ್ದೆ ಮುಖ ಹೊತ್ತು ಬಂದರು. ಬುದ್ಧಿವಂತೆ, ಆದರೆ ಬೇಜವಾಬ್ದಾರಿ. ಉತ್ತರಪತ್ರಿಕೆ ಅರ್ಧಕ್ಕೇ ನಿಲ್ಲಿಸುತ್ತಾಳೆ. ಕಿಟಕಿಯ ಹೊರಗೆ ನೋಡುತ್ತಾಳೆ. ಹೀಗೇ ಆದರೆ ಹತ್ತನೇ ಕ್ಲಾಸು ಕಷ್ಟ. ಕ್ಲಾಸಿನ ಮಕ್ಕಳು ಅವಳಿಗೆ ಇಟ್ಟಿದ್ದ ಅಡ್ಡಹೆಸರೂ ಅಂದೇ ತಿಳಿಯಿತು. 'ಬಫರಿಂಗ್'. ಮೊಬೈಲಿನಲ್ಲಿ ವಿಡಿಯೋ ಅರ್ಧಕ್ಕೆ ನಿಂತು ಚಕ್ರ ತಿರುಗುತ್ತದಲ್ಲ, ಹಾಗೆ.

ಬೋಪಣ್ಣ ಶೂ ಬಿಚ್ಚದೆಯೇ ಶುರುಮಾಡಿದ. "ಏನು ಕಡಿಮೆ ಮಾಡಿದೀವಿ ನಿಂಗೆ? ಟ್ಯೂಷನ್ ಇದೆ, ಎಸಿ ಇದೆ, ಬೇರೆ ರೂಮ್ ಇದೆ. ಸೋಮಾರಿತನಕ್ಕೂ ಒಂದು ಲಿಮಿಟ್ ಇರತ್ತೆ."

"ಟ್ರೈ ಮಾಡ್ತೀನಿ ಪಪ್ಪಾ."

"ಟ್ರೈ ಮಾಡಿದ್ರೆ ಹೀಗಿರಲ್ಲ."

ದೇಚು ಕೈಬೆರಳುಗಳನ್ನು ಮಡಚಿ ಅಂಗೈಯೊಳಗೆ ಬಚ್ಚಿಟ್ಟುಕೊಂಡು ನಿಂತಿದ್ದಳು. ಆ ನಿಲುವು ನನಗೆ ಗೊತ್ತಿತ್ತು. ಮಡಿಕೇರಿಯ ಶಾಲೆಯಲ್ಲಿ ಬೋಪಣ್ಣ ಹಾಗೇ ನಿಲ್ಲುತ್ತಿದ್ದ. ಪುಸ್ತಕ ಮರೆತ, ಛತ್ರಿ ಕಳೆದ, ಲೆಕ್ಕ ಅರ್ಧ ಮಾಡಿದ ಎಂದು ದಿನವೂ ಬೆತ್ತದ ಏಟು. ಬಿಡುವಿನಲ್ಲಿ ನಾನು ಅವನನ್ನು ನಲ್ಲಿಯ ಬಳಿ ಕರೆದೊಯ್ದು ಅಂಗೈಗೆ ತಣ್ಣೀರು ಬಿಡುತ್ತಿದ್ದೆ. ಈಗ ಅವನ ಫೋನಿನಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಅಲಾರಂ. ಕಾರಿನ ಕೀಲಿ ಹುಡುಕದೆ ಅವನು ಆಫೀಸಿಗೆ ಹೊರಟ ದಿನವೇ ಇಲ್ಲ. ಅದನ್ನು ಅವನೆದುರು ಎತ್ತಲು ಅಂದು ಸಮಯವಲ್ಲ ಎನ್ನಿಸಿತು.

ಸ್ಮಿತಾ ಮಾತಿಗಿಂತ ಕೆಲಸ ಹೆಚ್ಚು ಮಾಡುವವಳು. ಮರುವಾರ ಅರ್ಧ ದಿನ ರಜೆ ಹಾಕಿ ಶಾಲೆಯ ಕೌನ್ಸೆಲರನ್ನು ಕಂಡು ಬಂದಳು. ಅವರು ಮಕ್ಕಳ ಮನೋವೈದ್ಯರ ಬಳಿ ಒಮ್ಮೆ ತೋರಿಸಿ ಎಂದರಂತೆ. ಬೋಪಣ್ಣ ಒಪ್ಪಲಿಲ್ಲ. "ಓದಲ್ಲ ಅಂದ್ರೆ ಮನೋವೈದ್ಯರಾ? ಹುಚ್ಚು ಅಂತ ಹಣೆಪಟ್ಟಿ ಕಟ್ಟಿಸ್ಕೊಂಡು ಬರೋಣ್ವಾ?" ಸ್ಮಿತಾ ಚಪಾತಿ ಲಟ್ಟಿಸುತ್ತಲೇ, "ಪಟ್ಟಿ ಆಗ್ಲೇ ಕಟ್ಟಾಗಿದೆ. ಸೋಮಾರಿ, ಬೇಜವಾಬ್ದಾರಿ, ಬಫರಿಂಗ್. ನಾನು ಅದನ್ನ ಬಿಚ್ಚಿಸೋಕೆ ಹೋಗ್ತಿದೀನಿ" ಎಂದಳು. ಆಗಸ್ಟಿನ ಒಂದು ಸೆಕೆಯ ಬೆಳಿಗ್ಗೆ ನಾಲ್ವರೂ ಹೋದೆವು.

ಡಾಕ್ಟರು ನಡುವಯಸ್ಸಿನ ಹೆಂಗಸು. ಅದಕ್ಕೆ ಮೊದಲೇ ಸ್ಮಿತಾ ಕರೆದೊಯ್ದಾಗ ಒಂದೆರಡು ಸಲ ದೇಚುವಿಗೆ ಪರೀಕ್ಷೆಗಳನ್ನು ಕೊಟ್ಟಿದ್ದರು, ಶಾಲೆಯಿಂದ ವಿವರ ತರಿಸಿಕೊಂಡಿದ್ದರು. ಅಂದು ನಮ್ಮನ್ನೆಲ್ಲ ಕೂರಿಸಿ, "ಇನ್ನು ಸ್ವಲ್ಪ ಹೊತ್ತು ದೊಡ್ಡವರು ಮಾತಾಡಬಾರದು" ಎಂದು ಹಿಂದಿಯಲ್ಲಿ ಹೇಳಿ ದೇಚುವಿನ ಕಡೆ ತಿರುಗಿದರು. ಪಾಠ ಕೇಳುವಾಗ ಏನಾಗುತ್ತದೆ, ನಿನ್ನ ಮಾತಿನಲ್ಲೇ ಹೇಳು ಎಂದರು. ದೇಚು ಕುರ್ಚಿಯ ಕಾಲನ್ನು ತನ್ನ ಕಾಲಿನಿಂದ ಒದೆಯುತ್ತಾ ಯೋಚಿಸಿದಳು. ಅವಳು ಹಿಂದಿಯಲ್ಲಿ ಹೇಳಿದ್ದು ಇಷ್ಟು: "ರಾಜೀವ್ ಚೌಕ್ ಮೆಟ್ರೋ ಥರ ಆಂಟಿ. ನಾನು ಇಳೀಬೇಕು ಅಂತ ನಂಗೊತ್ತು. ಬಾಗಿಲ ಹತ್ರಾನೇ ನಿಂತಿರ್ತೀನಿ. ಬಾಗಿಲು ತೆಗೆದ ಕೂಡ್ಲೆ ಎಲ್ಲರೂ ಒಳಗೆ ನುಗ್ತಾರೆ. ನಾನು ಇಳಿಯೋಷ್ಟರಲ್ಲಿ ಬಾಗಿಲು ಬಂದ್. ಆಮೇಲೆ ಎಲ್ಲರೂ ಕೇಳ್ತಾರೆ, ಯಾಕೆ ಇಳೀಲಿಲ್ಲ ಅಂತ."

ಸ್ಮಿತಾ ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡಳು. ಬೋಪಣ್ಣ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದ.

ಅದಕ್ಕೆ ಎಡಿಎಚ್‌ಡಿ ಎನ್ನುತ್ತಾರೆಂದು ಡಾಕ್ಟರು ಹೇಳಿದರು. ಸೋಮಾರಿತನವಲ್ಲ, ಬುದ್ಧಿ ಕಡಿಮೆಯಿರುವುದೂ ಅಲ್ಲ, ಸಾಕಿದವರ ತಪ್ಪೂ ಅಲ್ಲ. ಗಮನವನ್ನು ಬೇಕಾದ ಕಡೆ ತಿರುಗಿಸಿ ಹಿಡಿದಿಡುವ ಕೆಲಸ ಈ ಮಕ್ಕಳ ಮಿದುಳಿಗೆ ಇತರರಿಗಿಂತ ಕಷ್ಟ. ಹುಡುಗಿಯರು ಹೆಚ್ಚು ಗದ್ದಲ ಮಾಡದೆ ಕಿಟಕಿಯ ಹೊರಗೆ ನೋಡುತ್ತಾ ಕೂತುಬಿಡುವುದರಿಂದ ಎಷ್ಟೋ ಸಲ ಯಾರಿಗೂ ತಿಳಿಯುವುದೇ ಇಲ್ಲ. ಔಷಧಿ ಸಹಾಯ ಮಾಡುತ್ತದೆ, ಆದರೆ ಅದರೊಂದಿಗೆ ಮನೆ, ಶಾಲೆ ಎರಡೂ ಸಹಾಯ ಮಾಡಬೇಕು ಎಂದರು. ಕೊನೆಗೆ ಕೇಳಿದರು, "ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇತ್ತೇ?"

"ಇಲ್ಲ" ಎಂದ ಬೋಪಣ್ಣ, ಪ್ರಶ್ನೆ ಮುಗಿಯುವ ಮೊದಲೇ.

ಮನೆಗೆ ಬರುವಾಗ ಟ್ಯಾಕ್ಸಿಯಲ್ಲಿ ಅವನು ಕನ್ನಡದಲ್ಲಿ, ಡ್ರೈವರಿಗೆ ಅರ್ಥವಾಗದಂತೆ, ಕಟ್ಟಪ್ಪಣೆ ಮಾಡಿದ. "ಟ್ರೀಟ್‌ಮೆಂಟ್ ಕೊಡಿಸೋಣ. ಆದ್ರೆ ಮಾತು ಮನೆ ಬಾಗಿಲು ದಾಟಬಾರದು. ಕೌನ್ಸೆಲರ್ ಒಬ್ರಿಗೆ ಗೊತ್ತಿದ್ರೆ ಸಾಕು, ಟೀಚರುಗಳಿಗೆ ಬೇಡ, ಸೊಸೈಟಿಯವರಿಗೆ ಬೇಡ. ಊರಿನವರಿಗಂತೂ ಬೇಡವೇ ಬೇಡ. ಒಂದ್ಸಲ ಪಾಗಲ್ ಅಂತ ಹೆಸರು ಬಿದ್ರೆ ತೊಳೆದ್ರೂ ಹೋಗಲ್ಲ."

ಅವನ ಹೆದರಿಕೆ ನನಗೆ ಹೊಸದಾಗಿರಲಿಲ್ಲ. ಸೇನಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಬರುವ ಜವಾನರು ಎದೆಯ ಮೇಲಿನ ಹೆಸರಿನ ಪಟ್ಟಿ ಕಳಚಿ ಜೇಬಿಗೆ ಹಾಕಿಕೊಂಡು ಬರುತ್ತಿದ್ದರು. ಗುಂಡೇಟಿನ ಗಾಯವನ್ನು ಅಂಗಿ ಎತ್ತಿ ತೋರಿಸುವವರೇ ಅವರು.

ಹೀಗೆ ದೇಚುವಿನ ಮಾತ್ರೆಗಳು ಅಡುಗೆಮನೆಯ ಕಪಾಟಿನಲ್ಲಿ ನನ್ನ ಕ್ಯಾಲ್ಸಿಯಂ ಬಾಟಲಿಯ ಒಳಗೆ ಅಡಗಿದವು. ಮೊದಲ ವಾರಗಳು ಸುಲಭವಿರಲಿಲ್ಲ. ಹಸಿವು ಕಡಿಮೆಯಾಯಿತು, ತಲೆನೋವು ಬಂತು. ಡಾಕ್ಟರು ತೂಕ ನೋಡಿ ಪ್ರಮಾಣ ಇಳಿಸಿದರು. ಮನೆಯ ರೀತಿಯೂ ಬದಲಾಯಿತು. ಸ್ಮಿತಾ ಒಂದು ಸಲಕ್ಕೆ ಒಂದೇ ಕೆಲಸ ಹೇಳತೊಡಗಿದಳು. ಬಾಗಿಲ ಪಕ್ಕ ಒಂದು ಬುಟ್ಟಿ ಇಟ್ಟು, ಶಾಲೆಗೆ ಒಯ್ಯುವುದೆಲ್ಲ ಸಂಜೆಯೇ ಅದರೊಳಗೆ ಬೀಳುವಂತೆ ಮಾಡಿದಳು. ನಾನು ಗಣಿತದ ಹೊತ್ತಿಗೆ ಪಕ್ಕದಲ್ಲಿ ಕುಳಿತಿರುತ್ತಿದ್ದೆ. ಹೇಳಿಕೊಡಲು ನನಗೆ ಬಾರದು, ಸುಮ್ಮನೆ ಜೊತೆಗಿರುವುದು ಅಷ್ಟೆ. ಸ್ವಲ್ಪ ಲೆಕ್ಕ, ಬಳಿಕ ಎದ್ದು ಬಾಲ್ಕನಿಯವರೆಗೆ ಓಡಾಟ, ಮತ್ತೆ ಲೆಕ್ಕ. ಅಕ್ಟೋಬರ್ ಬಂದು ಆ ಹೂವಿನ ವಾಸನೆ ಬಾಲ್ಕನಿಗೆ ಏರುವ ಹೊತ್ತಿಗೆ ದೇಚು ಹೇಳಿದಳು, "ಅತ್ತೆ, ಇವತ್ತು ಹಿಸ್ಟರಿ ಕ್ಲಾಸ್ ಪೂರಾ ಕೇಳಿಸ್ತು." ಪೂರ್ತಿ ಅರ್ಥವಾಯಿತೆಂದಲ್ಲ, ಕೇಳಿಸಿತು ಎಂದಳು.

ಒಂದು ಬೆಳಿಗ್ಗೆ ಮಾತ್ರೆ ನುಂಗಿ, ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು, "ಅತ್ತೆ, ನಿಮ್ಮ ಮಂಡಿ ಆಪರೇಷನ್ ಎಲ್ಲರಿಗೂ ಗೊತ್ತು. ಗೇಟಿನ ಗಾರ್ಡ್ ಭಯ್ಯಾಗೂ ಗೊತ್ತು, ರೋಜ್ ಹಾಲ್ ಪೂಛ್ತೇ ಹೈ, ಹೇಗಿದೆ ಅಂತ. ನಂದು ಯಾಕೆ ಕ್ಯಾಲ್ಸಿಯಂ ಬಾಟಲ್‌ನಲ್ಲಿ? ನಾನೇನು ಮಾಡಿದೆ?"

ನಾನು ಬಾಟಲಿಯನ್ನು ಅವಳ ಕೈಯಿಂದ ತೆಗೆದುಕೊಂಡು ಕಪಾಟಿನಲ್ಲಿಟ್ಟೆ.

ನವೆಂಬರಿನ ಮೊದಲಲ್ಲಿ ಒಂಬತ್ತನೇ ಕ್ಲಾಸಿನವರನ್ನು ಜೈಪುರಕ್ಕೆ ಕರೆದೊಯ್ದರು. ರಾತ್ರಿ ಅಲ್ಲೇ ತಂಗುವ ಪ್ರವಾಸ. ಮಾತ್ರೆಯನ್ನು ಟೀಚರ ಕೈಗೆ ಕೊಡಬೇಕಿತ್ತು, ಆದರೆ ಟೀಚರಿಗೆ ಹೇಳಿಯೇ ಇರಲಿಲ್ಲವಲ್ಲ. ಆದ್ದರಿಂದ ಮಾತ್ರೆಗಳ ಒಂದು ಸಣ್ಣ ಪಟ್ಟಿಯನ್ನು ದೇಚುವಿನ ಪೆನ್ಸಿಲ್ ಚೀಲದಲ್ಲಿ ಅಡಗಿಸಿಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಏನೋ ಹುಡುಕಿದಾಗ ಪಟ್ಟಿ ಕೆಳಗೆ ಬಿತ್ತು. ಒಬ್ಬಳು ಎತ್ತಿಕೊಂಡು ಹೆಸರನ್ನು ಫೋನಿನಲ್ಲಿ ಹುಡುಕಿದಳು. ಮಿದುಳನ್ನು ಉತ್ತೇಜಿಸುವ ಔಷಧ ಎಂದಿತ್ತಂತೆ. ಬಸ್ಸು ದೆಹಲಿ ಸೇರುವ ಹೊತ್ತಿಗೆ ಅದು ನಶೆಯ ಮಾತ್ರೆಯಾಗಿತ್ತು.

ಮರುದಿನವೇ ಹೊಗೆಮಂಜು ಕವಿಯಿತು. ಎದುರಿನ ಕಟ್ಟಡ ಕಾಣದಾಯಿತು, ಗಂಟಲು ಉರಿಯತೊಡಗಿತು, ಶಾಲೆಗಳಿಗೆ ರಜೆ ಕೊಟ್ಟರು. ಎಲ್ಲರೂ ಕಿಟಕಿ ಮುಚ್ಚಿ ಮನೆಯೊಳಗೆ ಕುಳಿತಿದ್ದಾಗ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂದೇಶ ಬಂತು. ನಮ್ಮ ಸೊಸೈಟಿಯ ಒಂದು ಮಗು ಮಾತ್ರೆ ಇಟ್ಟುಕೊಂಡು ಓಡಾಡುತ್ತಿದೆ, ನಿಮ್ಮ ಮಕ್ಕಳು ಯಾರ ಜೊತೆ ಇರುತ್ತಾರೆ ಎಂದು ಗಮನವಿಡಿ. ಹೆಸರಿರಲಿಲ್ಲ. ಹೆಸರು ಬೇಕಾಗಿಯೂ ಇರಲಿಲ್ಲ. ಎರಡನೇ ಮಹಡಿಯ ಗುರ್‌ಲೀನ್ ದೇಚುವಿನ ಒಬ್ಬಳೇ ಗೆಳತಿ. ಚಿಕ್ಕಂದಿನಿಂದ ಒಟ್ಟಿಗೆ ಆಡಿದವರು, ಒಂದೇ ಶಾಲೆಯ ಬಸ್ಸಿನಲ್ಲಿ ಹೋಗುವವರು. ಅವಳಿಂದ ದೇಚುವಿಗೆ ಒಂದು ಸಾಲು ಬಂತು: ಮಮ್ಮಿ ಮನಾ ಕರ್ ರಹೀ ಹೈ, ಸಾರಿ. ಅಮ್ಮ ನಿನ್ನ ಜೊತೆ ಬೇಡ ಎನ್ನುತ್ತಿದ್ದಾರೆ ಎಂದು.

ಬೋಪಣ್ಣ ಸೋಫಾದ ತುದಿಯಲ್ಲಿ ಕುಳಿತು ಉತ್ತರ ಬರೆಯತೊಡಗಿದ. ಬರೆಯುತ್ತಾ ಗಟ್ಟಿಯಾಗಿ ಓದಿದ. ಅದು ನಮ್ಮ ಮಗಳ ವಿಟಮಿನ್ ಮಾತ್ರೆ, ಸುಳ್ಳು ಹಬ್ಬಿಸಬೇಡಿ.

"ಪಪ್ಪಾ, ಝೂಠ್ ಮತ್ ಲಿಖೋ, ಸುಳ್ಳು ಬೇಡ" ಎಂದಳು ದೇಚು.

"ನಿನಗೋಸ್ಕರಾನೇ ಬರೀತಿರೋದು."

"ನನಗೋಸ್ಕರ ಬೇಡ. ನಾನು ಕೆಳಗೆ ಹೋಗಿ ಗುರ್‌ಲೀನ್ ಮಮ್ಮಿಗೆ ನಿಜ ಹೇಳ್ತೀನಿ."

"ಹೇಳಿದ್ರೆ ಏನಾಗತ್ತೆ ಗೊತ್ತಾ? ನಾಳೆಯಿಂದ ನೀನು ಎಲ್ಲಿ ಎಡವಿದ್ರೂ ಅದಕ್ಕೇ ಹೀಗೆ ಅಂತಾರೆ."

"ಈಗೇನಂತಾರೆ?"

ಆಗ ನಾನು ಬಾಯಿ ಬಿಟ್ಟೆ. "ಬೋಪು, ಮನೇಲಿ ಬೇರೆ ಯಾರಿಗಾದ್ರೂ ಇತ್ತಾ ಅಂತ ಡಾಕ್ಟರು ಕೇಳಿದಾಗ ನೀನು ಇಲ್ಲ ಅಂದೆ."

ದೇಚು ನನ್ನನ್ನೂ ಅಪ್ಪನನ್ನೂ ನೋಡಿದಳು. "ಯಾರಿಗಿತ್ತು?"

ಬೋಪಣ್ಣ ಫೋನನ್ನು ಮಗುಚಿ ಮೇಜಿನ ಮೇಲಿಟ್ಟ. ತನ್ನ ಅಂಗೈಗಳನ್ನೇ ನೋಡಿಕೊಂಡ. "ನನಗೆ ಇದರ ಹೆಸರು ಯಾರೂ ಹೇಳಲಿಲ್ಲ, ದೇಚು. ಏಟು ಮಾತ್ರ ಕೊಟ್ರು. ದಿನಾ ಏಟು ತಿಂದೆ. ನನ್ನ ಅಮ್ಮ, ನಿನಗೆ ಅವರ ಹೆಸರೇ ಇಟ್ಟಿದೀವಿ, ಅವರಿಗೂ ಹೇಳಲಿಲ್ಲ. ನಿನಗೆ ಯಾರೂ ಹೊಡೀಬಾರದು ಅಂತ ನಾನೇ ಮೊದಲು ಬೈತೀನಿ. ಅದೂ ಏಟೇ ಅಂತ ಈಗ ಅನ್ನಿಸ್ತಿದೆ."

ಸ್ಮಿತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮದುವೆಯಾದಂದಿನಿಂದ ಈ ಮಾತು ಅವಳು ಕೇಳಿರಲಿಲ್ಲ. ದೇಚು ಅಪ್ಪನ ಬಳಿ ಹೋಗಿ ಅವನ ಕೈಯನ್ನು ಹಿಡಿದು ತಿರುಗಿಸಿ ನೋಡಿದಳು, ಇನ್ನೂ ಕಲೆ ಇದೆಯೇ ಎಂಬಂತೆ. ಆಮೇಲೆ ಚಪ್ಪಲಿ ಮೆಟ್ಟಿ, "ಅತ್ತೆ, ಚಲೋ" ಎಂದಳು.

ನಾವಿಬ್ಬರೂ ಲಿಫ್ಟಿನಲ್ಲಿ ಕೆಳಗಿಳಿದೆವು. ಗುರ್‌ಲೀನ್‌ಳ ತಾಯಿ ಬಾಗಿಲು ತೆಗೆದವರು ನನ್ನನ್ನು ನೋಡಿ ಒಳಗೆ ಕರೆದರು. ಮಂಡಿ ನೋವಿನವರನ್ನು ಬಾಗಿಲಲ್ಲಿ ನಿಲ್ಲಿಸುವ ಹೆಂಗಸಲ್ಲ ಅವರು. ಒಳಗೆ ರಾಜ್ಮಾ ಬೇಯುವ ವಾಸನೆ. ಗುರ್‌ಲೀನ್ ತನ್ನ ಕೋಣೆಯ ಪರದೆಯ ಸಂದಿಯಿಂದ ನೋಡುತ್ತಿದ್ದಳು. ದೇಚು ಕೂರಲಿಲ್ಲ. ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳಿದಳು.

"ಆಂಟಿ, ಆ ಮೆಸೇಜ್ ನನ್ನ ಬಗ್ಗೆ. ಅದು ನಶೆ ಅಲ್ಲ. ನನಗೆ ಎಡಿಎಚ್‌ಡಿ ಇದೆ. ಡಾಕ್ಟರ್ ಕೊಟ್ಟಿರೋ ಮಾತ್ರೆ, ಬೆಳಿಗ್ಗೆ ತಗೋತೀನಿ. ಅದನ್ನ ಬೇರೆ ಯಾರಿಗೂ ಕೊಡಬಾರದು ಅಂತ ನಂಗೊತ್ತು, ಗುರ್‌ಲೀನ್‌ಗೂ ಕೊಟ್ಟಿಲ್ಲ. ನಾನು ಹೇಳೋಕೆ ಬಂದಿದ್ದು ಏನಂದ್ರೆ..."

ಅಷ್ಟರಲ್ಲಿ ಕುಕ್ಕರ್ ಜೋರಾಗಿ ಕೂಗಿತು. ದೇಚುವಿನ ಕಣ್ಣು ಅಡುಗೆಮನೆಯ ಕಡೆ ಹೋಯಿತು. ಬಾಯಿ ತೆರೆದೇ ಇತ್ತು, ಮಾತು ಹೋಗಿತ್ತು. ಆ ಮುಖವನ್ನು ನಾನು ಬೇಸಿಗೆಯಿಡೀ ನೋಡಿದ್ದೆ. ಹಿಂದೆ ಯಾರೋ ಉಸಿರಾಡಿದ ಸದ್ದಾಯಿತು. ಬೋಪಣ್ಣ ಮೆಟ್ಟಿಲಿಳಿದು ಬಂದು ತೆರೆದ ಬಾಗಿಲಲ್ಲಿ ನಿಂತಿದ್ದ. ಮಗಳ ಮಾತನ್ನು ತಾನು ಮುಗಿಸಲು ಒಂದು ಹೆಜ್ಜೆ ಮುಂದಿಟ್ಟ. ನಾನು ಅವನ ಮೊಣಕೈ ಹಿಡಿದೆ.

"ಆಂಟಿ, ಏನು ಹೇಳ್ತಿದ್ದೆ ಮರೆತುಹೋಯ್ತು" ಎಂದಳು ದೇಚು. "ಒಂದ್ನಿಮಿಷ ಕೊಡಿ."

ನಾವೆಲ್ಲ ಕಾದೆವು. ಗುರ್‌ಲೀನ್‌ಳ ತಾಯಿಯೂ ಕೈಯಲ್ಲಿ ಸೌಟು ಹಿಡಿದು ಕಾದರು.

"ಹಾಂ. ನಾನು ಗುರ್‌ಲೀನ್ ಜೊತೆ ಬಸ್ಸಲ್ಲಿ ಕೂತ್ಕೋಬಹುದಾ? ಅಷ್ಟೇ ಕೇಳ್ಬೇಕಿತ್ತು."

ಅವರು ತಕ್ಷಣ ಹೂಂ ಎನ್ನಲಿಲ್ಲ. ಆ ಹೆಂಗಸಿಗೂ ಹೆದರಿಕೆ ಇತ್ತು, ಮುಖದಲ್ಲಿ ಕಾಣುತ್ತಿತ್ತು. ನನ್ನನ್ನು ನೋಡಿ, "ಮೇಜರ್ ಸಾಹಿಬಾ, ನೀವು ನರ್ಸ್. ಇದು ಒಬ್ಬರಿಂದ ಒಬ್ಬರಿಗೆ ಬರೋದಲ್ವಲ್ಲ?" ಎಂದು ಕೇಳಿದರು. ಇಲ್ಲವೆಂದೆ. ಬಳಸುವ ರೀತಿ ಗೊತ್ತಿದ್ದರೆ ಆ ಮಾತ್ರೆಯಿಂದ ಭಯವಿಲ್ಲ, ನನ್ನ ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಮಕ್ಕಳ ಕೈಗೆ ಸಿಗದಂತೆಯೇ ಇಡುತ್ತೇವೆ ಎಂದೆ. "ಅಚ್ಛಾ" ಎಂದರು. ದೇಚುವಿನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ತೆಗೆದರು. ಅಷ್ಟೇ ಆದದ್ದು.

ಮೇಲೆ ಬಂದ ಮೇಲೆ ಬೋಪಣ್ಣ ವಿಟಮಿನ್ನಿನ ಸಾಲನ್ನು ಅಳಿಸಿ ಬೇರೆ ಬರೆದ. ಮಗು ನಮ್ಮದು, ಅವಳಿಗೆ ಎಡಿಎಚ್‌ಡಿ ಇದೆ, ವೈದ್ಯರು ಕೊಟ್ಟ ಔಷಧ, ಟೀಚರಿಗೆ ತಿಳಿಸದೆ ಕಳಿಸಿದ ತಪ್ಪು ನಮ್ಮದು, ಅವಳದಲ್ಲ. ಕೇಳುವುದಿದ್ದರೆ ಮನೆಗೆ ಬನ್ನಿ, ಚಹಾ ಕುಡಿದು ಮಾತಾಡೋಣ. ಕಳಿಸುವ ಮುಂಚೆ ದೇಚುವಿಗೆ ತೋರಿಸಿದ. ಅವಳು ಒಂದು ಕಾಗುಣಿತ ತಿದ್ದಿದಳು. ಆಮೇಲೆ ಒಂದೆರಡು ಕೈ ಮುಗಿಯುವ ಚಿತ್ರ, ಒಬ್ಬರದು ಉಪದೇಶ, ಬಾದಾಮಿ ನೆನೆಸಿ ಕೊಡಿ ಎಂದು. ಚಹಾಕ್ಕೆ ಯಾರೂ ಬರಲಿಲ್ಲ.

ಶಾಲೆ ತೆರೆದ ದಿನ ಬೆಳಿಗ್ಗೆ ಬಾಗಿಲ ಗಂಟೆ ಹೊಡೆಯಿತು. ಗುರ್‌ಲೀನ್, ಬೆನ್ನಿಗೆ ಚೀಲ, ಮುಖಕ್ಕೆ ಮಾಸ್ಕು. "ಚಲ್, ಬಸ್ ಆ ಗಯೀ" ಎಂದಳು, ನಡುವೆ ಏನೂ ಆಗಿಲ್ಲವೆಂಬಂತೆ. ಆ ವಾರದ ಕೊನೆಗೆ ಅವಳ ತಾಯಿ ರಾಜ್ಮಾದ ಡಬ್ಬಿ ಹಿಡಿದು ಮೇಲೆ ಬಂದರು. ಹೊರಡುವಾಗ ಬಾಗಿಲ ಬಳಿ ನಿಂತು, ಸ್ಮಿತಾಳ ಕಿವಿಯಲ್ಲಿ, "ಆ ಡಾಕ್ಟರ ಹೆಸರು ಹೇಳ್ತೀರಾ? ಒಬ್ಬರಿಗೆ ಬೇಕಿತ್ತು" ಎಂದರು. ಯಾರಿಗೆಂದು ಸ್ಮಿತಾ ಕೇಳಲಿಲ್ಲ. ಆ ಚಳಿಗಾಲದಲ್ಲಿ ಇನ್ನೂ ಒಂದಿಬ್ಬರು ಹಾಗೇ ಕೇಳಿದರು. ಎಲ್ಲರೂ ಕೇಳಿದ್ದು ಯಾರೋ ಒಬ್ಬರಿಗೆ, ಪರಿಚಯದವರಿಗೆ, ದೂರದ ನೆಂಟರಿಗೆ.

ತಮ್ಮನೂ ನಾದಿನಿಯೂ ಕ್ಲಾಸ್ ಟೀಚರನ್ನು ಕಂಡು ಎಲ್ಲ ಹೇಳಿದರು. ಆಕೆ ಸ್ವಲ್ಪ ಸಿಟ್ಟಾದರು. "ಮೊದಲೇ ಹೇಳಿದ್ದರೆ ಆ ಮಾತನ್ನು ನಾನು ಬಸ್ಸಿನಲ್ಲೇ ನಿಲ್ಲಿಸುತ್ತಿದ್ದೆ." ದೇಚುವನ್ನು ಕಿಟಕಿಯಿಂದ ಮುಂದಿನ ಬೆಂಚಿಗೆ ತಂದರು. ಅವಳ ಮೇಜಿನ ಮೇಲೆ ಸುಮ್ಮನೆ ಬೆರಳು ತಟ್ಟಿ ದಾಟಿಹೋಗುವುದು, ಹೆಸರು ಕೂಗಿ ಎಲ್ಲರೂ ತಿರುಗುವಂತೆ ಮಾಡದಿರುವುದು, ಇಷ್ಟೇ ಅವರು ಮಾಡಿದ ಉಪಾಯ.

ಡಿಸೆಂಬರಿನಲ್ಲಿ ದೆಹಲಿಯ ಕೊಡಗಿನವರೆಲ್ಲ ಒಂದು ಮೈದಾನದಲ್ಲಿ ಪುತ್ತರಿ ಹಬ್ಬಕ್ಕೆ ಸೇರಿದೆವು. ಊರಿನಿಂದ ರೈಲಿನಲ್ಲಿ ಬಂದ ಹೊಸ ಭತ್ತದ ತೆನೆ, ಕುಪ್ಯದ ಉದ್ದಂಗಿಯ ಮೇಲೆ ಚಳಿಗೆ ಮಫ್ಲರ್ ಸುತ್ತಿದ ಗಂಡಸರು, ಬಾಳೆಹಣ್ಣು ಕಲಸಿದ ತಂಬಿಟ್ಟು. ಊಟದ ಸಾಲಿನಲ್ಲಿ ನಿವೃತ್ತ ಕರ್ನಲ್ ಒಬ್ಬರು ಬೋಪಣ್ಣನನ್ನು ಹಿಡಿದರು. ಸುದ್ದಿ ಅಲ್ಲಿಗೂ ತಲುಪಿತ್ತು. "ಇದೆಲ್ಲ ಈಗಿನ ಫ್ಯಾಷನ್ ಕಣಯ್ಯಾ. ನಾವೂ ಹಾಗೇ ಇದ್ವಿ. ಬೆತ್ತ ಬಿತ್ತು, ಸರಿಹೋಯ್ತು."

"ಸರಿಹೋಗಲಿಲ್ಲ ಅಂಕಲ್" ಎಂದ ಬೋಪಣ್ಣ, ತಟ್ಟೆ ಕೆಳಗಿಡದೆ. "ಮುಚ್ಚಿಡೋದು ಕಲಿತ್ವಿ ಅಷ್ಟೆ."

ಕರ್ನಲ್ ಅವನ ಮುಖವನ್ನೊಮ್ಮೆ ದಿಟ್ಟಿಸಿ ನೋಡಿದರು. ದೇಚುವಿನ ತಟ್ಟೆಗೆ ಒಂದು ಕಡುಬು ಹಾಕಿ ಮುಂದೆ ಹೋದರು.

ಜನವರಿಯ ಮಂಜಿನಲ್ಲಿ ನನ್ನ ಎರಡನೇ ಮಂಡಿಯ ಆಪರೇಷನ್ ಆಯಿತು. ಅದೇ ತಿಂಗಳು ದೇಚು ಗಣಿತದ ಕಿರುಪರೀಕ್ಷೆಯಲ್ಲಿ ಫೇಲಾದಳು. ಔಷಧಿ ತಿಂದರೂ ಹೀಗೇ ಎಂದು ದಿಂಬಿನಲ್ಲಿ ಮುಖ ಹುದುಗಿಸಿ ಅತ್ತಳು. ಬಫರಿಂಗ್ ಎನ್ನುವವರು ಕ್ಲಾಸಿನಲ್ಲಿ ಇನ್ನೂ ಇದ್ದರು. ಬೋಪಣ್ಣ ಬೈಯಲಿಲ್ಲ. ಹೇಗೆ ಸಮಾಧಾನ ಮಾಡುವುದೆಂದು ತಿಳಿಯದೆ ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತ. ಆಮೇಲೆ ಅಪ್ಪ ಮಗಳು ಇಬ್ಬರೂ ಉತ್ತರಪತ್ರಿಕೆ ಹರಡಿಕೊಂಡು, ಎಲ್ಲಿ ಜಾರಿದೆ ಎಂದು ನೋಡಿದರು. ಲೆಕ್ಕ ಸರಿಯಿತ್ತು, ಮೂರು ಎಂದು ಬರೆಯುವಲ್ಲಿ ಎಂಟು ಬರೆದಿದ್ದಳು. "ನಾನೂ ಆಫೀಸಲ್ಲಿ ಇದೇ ಮಾಡ್ತೀನಿ" ಎಂದ ಅವನು. ಅವಳು ಅಳು ನಿಲ್ಲಿಸಿ, "ಆಮೇಲೆ?" ಎಂದಳು. "ಆಮೇಲೆ ಬೆರಳಿಟ್ಟು ಒಂದೊಂದೇ ಸಾಲು ಮತ್ತೆ ನೋಡ್ತೀನಿ. ಬೇಜಾರಿನ ಕೆಲಸ. ಆದ್ರೆ ಸಿಗತ್ತೆ."

ಮಾರ್ಚಿನಲ್ಲಿ ವಾರ್ಷಿಕ ಪರೀಕ್ಷೆ ಮುಗಿಯಿತು. ಗಣಿತದ ದಿನ ಬಸ್ಸಿಳಿದವಳು ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದು ಹೇಳಿದಳು, "ಅತ್ತೆ, ಕೊನೇ ಪ್ರಶ್ನೆವರೆಗೂ ತಲುಪಿದೆ." ಅಂಕ ಬಂದಾಗ ಊರಿಗೆಲ್ಲ ಹೇಳಿಕೊಳ್ಳುವಂಥದ್ದೇನಿರಲಿಲ್ಲ. ಪಾಸಾಗಿದ್ದಳು, ಎಲ್ಲದರಲ್ಲೂ. ಸ್ಮಿತಾ ಕ್ಯಾಲ್ಸಿಯಂ ಬಾಟಲಿಯನ್ನು ನನ್ನ ಪೆಟ್ಟಿಗೆಗೆ ಹಾಕಿ, ಮಾತ್ರೆಯ ಡಬ್ಬಿಯನ್ನು ಅದರದೇ ಹೆಸರಿನೊಂದಿಗೆ ಮೇಲಿನ ಕಪಾಟಿನಲ್ಲಿಟ್ಟಳು. ಈಗ ಆ ಹುಡುಗಿ ದೆಹಲಿಯದೇ ಮುನಿರ್ಕಾದಲ್ಲಿ ಗೆಳತಿಯರೊಂದಿಗೆ ಬಾಡಿಗೆ ಕೋಣೆಯಲ್ಲಿದ್ದು ಕಾಲೇಜಿಗೆ ಹೋಗುತ್ತಾಳೆ. ನೀರಿನ ಬಾಟಲಿಗಳನ್ನು ಈಗಲೂ ಕಳೆಯುತ್ತಾಳೆ.

ಆ ವರ್ಷ ನಾನು ಮೈಸೂರಿಗೆ ಹೊರಟದ್ದು ಮಾರ್ಚಿನ ಕೊನೆಗೆ. ಹಜರತ್ ನಿಜಾಮುದ್ದೀನ್ ನಿಲ್ದಾಣಕ್ಕೆ ಬೋಪಣ್ಣನೂ ದೇಚುವೂ ಬಿಡಲು ಬಂದರು. ಸಾಮಾನು ಸೀಟಿನ ಕೆಳಗೆ ತಳ್ಳಿದ ಮೇಲೆ ದೇಚು ಪ್ಲಾಟ್‌ಫಾರಂನಲ್ಲಿ ನಿಂತು ತನ್ನ ಕೈಗಳನ್ನು ನೋಡಿಕೊಂಡಳು. "ಅತ್ತೆ, ಅಮ್ಮ ಕೊಟ್ಟ ಊಟದ ಚೀಲ ಲಿಫ್ಟ್ ಹತ್ರ ಬಿಟ್ಟೆ. ನಾನೇ ಬಿಟ್ಟೆ." ತಲೆ ತಗ್ಗಿಸಲಿಲ್ಲ, ಬೆರಳು ಮಡಚಲಿಲ್ಲ. ಬೋಪಣ್ಣ ಹೋಗಿ ಪೂರಿ ಆಲೂ ಕಟ್ಟಿಸಿಕೊಂಡು ಬಂದು ಕಿಟಕಿಯಲ್ಲಿ ಕೊಟ್ಟ. "ಅಕ್ಕ, ಮುಂದಿನ ವಾರ ನಾನೂ ಡಾಕ್ಟರ ಹತ್ರ ಹೋಗ್ತಿದೀನಿ. ನನಗೋಸ್ಕರ" ಎಂದ.

"ನಾನೂ ಹೋಗ್ತೀನಿ" ಎಂದಳು ದೇಚು. "ಪಪ್ಪ ಒಬ್ರೇ ಹೋದ್ರೆ ಡೇಟ್ ಮರೀತಾರೆ."

"ನೀನು ಮರೆಯಲ್ವಾ?"

"ಇಬ್ಬರಲ್ಲಿ ಒಬ್ರಿಗಾದ್ರೂ ನೆನಪಿರತ್ತೆ."

ಗಾಡಿ ಅಲುಗಿತು. ನಾನು ಕಿಟಕಿಯಿಂದ ಕೈ ಬೀಸಿದೆ. ಅವರಿಬ್ಬರೂ ಯಾವ ದಿನ, ಎಷ್ಟು ಹೊತ್ತಿಗೆ, ಮೆಟ್ರೋದಲ್ಲೋ ಕಾರಿನಲ್ಲೋ ಎಂಬ ವಾದದಲ್ಲಿ ಮುಳುಗಿ, ನನಗೆ ಕೈ ಬೀಸುವುದನ್ನೇ ಮರೆತಿದ್ದರು. ಪ್ಲಾಟ್‌ಫಾರಂ ಮುಗಿಯುವವರೆಗೂ ನೋಡಿದೆ. ಇನ್ನೂ ಮಾತಾಡುತ್ತಲೇ ಇದ್ದರು. ನಾನು ಸೀಟಿಗೆ ಒರಗಿ ಪೂರಿಯ ಪೊಟ್ಟಣ ಬಿಚ್ಚಿದೆ.